ಭೀಮ ಎಲ್ಲರಿಗೂ ಗೊತ್ತು, ಹ್ಯಾಮರ್ ಎಸೆಯುತ್ತಿದ್ದ ಪ್ರವೀಣ್ ಕುಮಾರ್ ಯಾಕೆ ಗೊತ್ತಿಲ್ಲ?

ಗುಮ್ಮಟದ ಓಣಿ (ವಿಜಯಪುರ)

ವಿಜಯಪುರದಲ್ಲಿ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಗಲ್ಲಾದ ಹಿಂದಿನ ಗೋಡೆಯಲ್ಲಿ 1993ರ ಫೋಟೋ ಒಂದಿದೆ. ಕಾಲೇಜಿನ ಬನಿಯನ್ ಹಾಕಿಕೊಂಡು ನಾನು ಹ್ಯಾಮರ್ ಹಿಡಿದು ನಿಂತಿದ್ದೇನೆ. ಮೊನ್ನೆ ಇಂಡಿ ಕಡೆಯ ಗಿರಾಕಿಯೊಬ್ಬರು ಪೈಪಿನ ಬಿಲ್ ಆಗುವವರೆಗೂ ಅದನ್ನೇ ನೋಡುತ್ತಿದ್ದರು. "ಸಾವ್ಕಾರ್ರ, ಇದೇನ್ರೀ ತಂತಿಗೆ ಗುಂಡ ಕಟ್ಟಿ ಹಿಡ್ಕೊಂಡೀರಿ?" ಎಂದರು. ಹ್ಯಾಮರ್ ಥ್ರೋ ಎಂದೆ. ಅವರು ತಿರುಗಿ, ಮೊಳೆ ಡಬ್ಬಿಗಳ ಮೇಲೆ ನೇತುಹಾಕಿದ್ದ ಸುತ್ತಿಗೆಗಳನ್ನು ನೋಡಿದರು. ಮತ್ತೆ ಫೋಟೋ ನೋಡಿದರು. "ಹ್ಯಾಮರ್ ಅಂದ್ರ ಅದಲ್ಲೇನ್ರೀ?"

ಮೂವತ್ತು ವರ್ಷದಿಂದ ಇದೇ ಪ್ರಶ್ನೆ. ನನ್ನ ಹತ್ತಿರ ಒಂದೇ ಮದ್ದು ಇದೆ, ಅದನ್ನೇ ಬಿಟ್ಟೆ. "ಟಿ.ವಿ. ಮಹಾಭಾರತದ ಭೀಮ ಇದ್ದರಲ್ಲ, ಅವರೂ ಇದನ್ನೇ ಒಗೀತಿದ್ರು." ಮುಖವೇ ಬದಲಾಯಿತು. "ಹೌದೇನ್ರೀ! ಭೀಮಾ!" ಫೋಟೋಗೆ ಕೈ ಮುಗಿಯುವುದೊಂದು ಬಾಕಿ ಇತ್ತು.

ಅವರು ಹೋದ ಮೇಲೆ ಯಾಕೋ ಸಮಾಧಾನ ಆಗಲಿಲ್ಲ. ಆ ಭೀಮನ ಪಾತ್ರ ಮಾಡಿದ ಪ್ರವೀಣ್ ಕುಮಾರ್ ಸೋಬ್ತಿ ಪಂಜಾಬಿನವರು, ಗಡಿ ಭದ್ರತಾ ಪಡೆಯಲ್ಲಿದ್ದವರು. 1966ರಲ್ಲಿ ಜಮೈಕಾದ ಕಿಂಗ್‌ಸ್ಟನ್ ಕಾಮನ್‌ವೆಲ್ತ್ ಕೂಟದಲ್ಲಿ 60.12 ಮೀಟರ್ ಹ್ಯಾಮರ್ ಎಸೆದು ಬೆಳ್ಳಿ ತಂದರು. ಮರುವರ್ಷ ಅರ್ಜುನ ಪ್ರಶಸ್ತಿ. 1968ರ ಮೆಕ್ಸಿಕೋ, 1972ರ ಮ್ಯೂನಿಕ್, ಎರಡೂ ಒಲಿಂಪಿಕ್ಸ್‌ಗೆ ಹೋದರು. ಇದ್ಯಾವುದಕ್ಕೂ ಅವರನ್ನು ಬೀದಿಯಲ್ಲಿ ಯಾರೂ ನಿಲ್ಲಿಸಿ ಮಾತಾಡಿಸಿರಲಿಕ್ಕಿಲ್ಲ. 1988ರ ಅಕ್ಟೋಬರ್‌ನಲ್ಲಿ ಭಾನುವಾರದ ಮಹಾಭಾರತ ಶುರುವಾಯಿತು. ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಹೊಸ್ತಿಲ ಹೊರಗೆ ಐವತ್ತು ಜೋಡಿ ಚಪ್ಪಲಿ. ಎರಡು ವರ್ಷ ತುಂಬುವುದರೊಳಗೆ ದೇಶಕ್ಕೆಲ್ಲ ಅವರ ಮುಖ ಗೊತ್ತಾಯಿತು. ಅಷ್ಟು ವರ್ಷ ದೇಶಕ್ಕಾಗಿ ಎಸೆದಿದ್ದನ್ನು ಥರ್ಮೋಕೋಲಿನ ಗದೆ ನುಂಗಿಬಿಟ್ಟಿತು. (ಗದೆ ಯಾವುದರದ್ದು ಅಂತ ನಾನೇನು ಮುಟ್ಟಿ ನೋಡಿಲ್ಲ, ಸಿಟ್ಟಿಗೆ ಹೇಳಿದೆ.)

ಹ್ಯಾಮರ್ ಎಸೆಯುವವನು ಹ್ಯಾಮರ್‌ನಿಂದಲೇ ಜನಪ್ರಿಯ ಆಗೋದು ಸಾಧ್ಯನೇ ಇಲ್ವಾ? ನೀವೇನಂತೀರಿ?

ಮುಧೋಳದ ಮಂದಿ

ಮೊದಲು ಒಂದು ತಕರಾರು. ಭೀಮನನ್ನು ಟಿ.ವಿ.ಯವರು ದೊಡ್ಡವನನ್ನಾಗಿ ಮಾಡಿದರು ಅಂತ ನಮ್ಮೂರಲ್ಲಿ ಹೇಳಬೇಡಿ. ಸಾವಿರ ವರ್ಷದ ಹಿಂದೆಯೇ ನಮ್ಮ ರನ್ನ ಭೀಮನಿಗೆ ಪಟ್ಟ ಕಟ್ಟಿದ್ದಾನೆ.

ಇನ್ನು ವಿಷಯ. ಪ್ರವೀಣ್ ಕುಮಾರ್ ಅವರು ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದೂ ಹ್ಯಾಮರ್‌ನಲ್ಲೇ ಅಲ್ವಾ? ಅದನ್ನು ನೀವು ಬರೆದೇ ಇಲ್ಲ.

ಗುಮ್ಮಟದ ಓಣಿ

ಅಲ್ಲ, ಚಿನ್ನ ಎರಡೂ ಡಿಸ್ಕಸ್‌ನಲ್ಲಿ, ಅಂದರೆ ಚಕ್ರ ಎಸೆತದಲ್ಲಿ. 1966 ಮತ್ತು 1970, ಎರಡೂ ಸಲ ಬ್ಯಾಂಕಾಕ್‌ನಲ್ಲೇ. 1966ರಲ್ಲಿ ಹ್ಯಾಮರ್‌ಗೆ ಕಂಚು. 1974ರ ಟೆಹ್ರಾನ್‌ನಲ್ಲಿ ಮತ್ತೆ ಡಿಸ್ಕಸ್, ಬೆಳ್ಳಿ. ನೋಡಿ, ಚಿನ್ನ ಕೂಡ ಹ್ಯಾಮರ್‌ಗೆ ದಕ್ಕಲಿಲ್ಲ! ರನ್ನನ ವಿಷಯ ಒಪ್ಪಿದೆ ಮಾರಾಯರೇ.

ಸಿಕ್ಸರ್ ಸಂಗ್ಯಾ

ಸುಮ್ನೆ ಬೇಜಾರು ಮಾಡ್ಕೋಬೇಡಿ ಸರ್, ನೋಡೋಕೆ ಬೋರ್ ಆಟ ಅದು. ಒಬ್ಬ ಗಿರಗಿರ ಸುತ್ತುತ್ತಾನೆ, ಕಿರುಚುತ್ತಾನೆ, ಕ್ಯಾಮೆರಾದವನಿಗೆ ಗುಂಡು ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ. ಜನ ನೋಡಲ್ಲ, ಅದಕ್ಕೇ ದುಡ್ಡಿಲ್ಲ. ನೀರಜ್ ಚೋಪ್ರಾ ಬಂದ ಮೇಲೆ ಜಾವೆಲಿನ್ ನೋಡಲಿಲ್ವಾ ಜನ?

ಕುಂದಾ ಪ್ರಿಯ (ಬೆಳಗಾವಿ)

ಸಂಗ್ಯಾ ಹೇಳಿದ್ದರಲ್ಲಿ ಅರ್ಧ ನಿಜ. ಆದರೆ ಜನ ನೋಡಲ್ಲ ಅನ್ನುವುದಕ್ಕಿಂತ ಜನರಿಗೆ ತೋರಿಸಲ್ಲ ಅನ್ನಬೇಕು. ಓಟ, ಜಿಗಿತ, ಜಾವೆಲಿನ್, ಡಿಸ್ಕಸ್, ಗುಂಡು ಎಸೆತ ಎಲ್ಲಾ ಡೈಮಂಡ್ ಲೀಗ್‌ನಲ್ಲಿ ಇವೆ. ಹ್ಯಾಮರ್ ಇಲ್ಲ. ಪ್ರತಿ ವರ್ಷ ಟಿ.ವಿ.ಯಲ್ಲಿ ಬರುವ ಸರಣಿಯಿಂದಲೇ ಹೊರಗೆ ಇಟ್ಟ ಮೇಲೆ ಮುಖ ಹೇಗೆ ಗೊತ್ತಾಗಬೇಕು? ಹೆಣ್ಣುಮಕ್ಕಳ ಹ್ಯಾಮರ್ ಒಲಿಂಪಿಕ್ಸ್‌ಗೆ ಬಂದದ್ದೇ 2000ದಲ್ಲಿ, ಸಿಡ್ನಿಯಲ್ಲಿ. ಗಂಡಸರದ್ದು 1900ರಿಂದ ಇದೆ. ನೂರು ವರ್ಷ ತಡ.

ಹ್ಯಾಮರ್‌ನಿಂದಲೇ ಜನಪ್ರಿಯ ಆದವರು ಇದ್ದಾರೆ, ಓಣಿ ಸರ್. ಜಪಾನಿನ ಕೋಜಿ ಮುರೊಫುಶಿ. ಅವನ ಕಥೆ ಅಪ್ಪನಿಂದ ಶುರುವಾಗುತ್ತದೆ. ಅಪ್ಪ ಶಿಗೆನೊಬು 1970ರಿಂದ 1986ರವರೆಗೆ ಐದು ಏಷ್ಯನ್ ಗೇಮ್ಸ್, ಐದೂ ಸಲ ಹ್ಯಾಮರ್ ಚಿನ್ನ. ಅದರಲ್ಲಿ ಒಂದು 1982ರಲ್ಲಿ ನಮ್ಮ ದೆಹಲಿಯಲ್ಲೇ. ತಾಯಿ ರುಮೇನಿಯಾದ ಜಾವೆಲಿನ್ ಆಟಗಾರ್ತಿ. ಮಗ 1995ರಿಂದ 2014ರವರೆಗೆ ಸತತ 20 ವರ್ಷ ಜಪಾನ್ ಚಾಂಪಿಯನ್. ಇಪ್ಪತ್ತು! ಅಷ್ಟು ವರ್ಷ ನಮ್ಮಲ್ಲಿ ಒಂದು ರಸ್ತೆ ಬಾಳಲ್ಲ.

2003ರಲ್ಲಿ ಪ್ರಾಗ್‌ನಲ್ಲಿ 84.86 ಮೀಟರ್ ಎಸೆದ. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯ ಆಡ್ರಿಯನ್ ಅನ್ನುಷ್ 83.19, ಇವನು 82.91. ಇಪ್ಪತ್ತೆಂಟು ಸೆಂಟಿಮೀಟರ್ ಸೋಲು. ವೇದಿಕೆಯಲ್ಲಿ ಇನ್ನೊಬ್ಬನ ರಾಷ್ಟ್ರಗೀತೆ ಕೇಳಿ ಇಳಿದ. ಆಮೇಲೆ ಅನ್ನುಷ್ ಉದ್ದೀಪನ ಮದ್ದಿನ ಪರೀಕ್ಷೆಗೆ ಮತ್ತೆ ಮಾದರಿ ಕೊಡಲು ಒಪ್ಪಲಿಲ್ಲ, ಚಿನ್ನ ಕಿತ್ತುಕೊಂಡು ಇವನಿಗೆ ಕೊಟ್ಟರು. ಗೆದ್ದ ಘಳಿಗೆಯೇ ಇಲ್ಲದ ಗೆಲುವು ಅದು.

ಆದರೂ ಜಪಾನಿನಲ್ಲಿ ಅವನು ಮನೆಮಾತು. ಟಿ.ವಿ.ಯಲ್ಲಿ ಬೇರೆ ಬೇರೆ ಆಟದವರನ್ನು ಸೇರಿಸಿ ಪೈಪೋಟಿ ಮಾಡಿಸಿದರೆ ಎಲ್ಲರನ್ನೂ ಸೋಲಿಸುತ್ತಿದ್ದ. ಬೇಸ್‌ಬಾಲ್ ಪಂದ್ಯದ ಉದ್ಘಾಟನೆಗೆ ಕರೆದು ಚೆಂಡು ಕೊಟ್ಟರೆ ಗಂಟೆಗೆ 130 ಕಿ.ಮೀ. ದಾಟಿಸಿ ಎಸೆದ. 36ನೇ ವಯಸ್ಸಿನಲ್ಲಿ, 2011ರಲ್ಲಿ, ದಕ್ಷಿಣ ಕೊರಿಯಾದ ದೇಗುವಿನಲ್ಲಿ ವಿಶ್ವ ಚಾಂಪಿಯನ್. ಮುಂದಿನ ವರ್ಷ ಲಂಡನ್‌ನಲ್ಲಿ ಕಂಚು. ನಡುವೆ ಡಾಕ್ಟರೇಟ್ ಬೇರೆ. 2020ರಲ್ಲಿ ಜಪಾನ್ ಸರ್ಕಾರದ ಕ್ರೀಡಾ ಸಂಸ್ಥೆಗೆ ಮುಖ್ಯಸ್ಥನಾದ.

ಗುಮ್ಮಟದ ಓಣಿ

ಓದಿ ಖುಷಿ ಆಯಿತು. ಆದರೆ ಕುಂದಾ ಅವರೇ, ಬೇಸ್‌ಬಾಲ್ ಚೆಂಡು, ಟಿ.ವಿ. ಪೈಪೋಟಿ... ಅಲ್ಲೂ ಬೇರೆ ದಾರಿಯಿಂದಲೇ ಬಂತಲ್ಲ ಹೆಸರು?

ಕುಂದಾ ಪ್ರಿಯ

ಸಿಕ್ಕಿಬಿದ್ದೆ. ಆದರೆ ಒಂದು ವ್ಯತ್ಯಾಸ ಇದೆ. ಅವನು ಬೇಸ್‌ಬಾಲ್ ಚೆಂಡು ಎಸೆದಾಗಲೂ ಜನ "ಹ್ಯಾಮರ್‌ನವನು ಎಸೆದ" ಎಂದೇ ಅಂದರು. ನಮ್ಮ ಭೀಮನ ವಿಷಯದಲ್ಲಿ ಹ್ಯಾಮರ್ ಅಳಿಸಿಹೋಯಿತು. ದೇಹ ಉಳಿಯಿತು, ಆಟ ಹೋಯಿತು.

ಸಿಕ್ಸರ್ ಸಂಗ್ಯಾ

ಆರೂವರೆ ಅಡಿ ದೇಹ ಸರ್ ಅದು. ಆಟ ಇಲ್ಲದೆ ಹಾಗೇ ನಿಂತರೂ ಜನ ನೋಡ್ತಿದ್ರು 😄

ಸೀಟಿ ಮಾಸ್ತರ (ಜಮಖಂಡಿ)

ನಾನು ನಿವೃತ್ತ ದೈಹಿಕ ಶಿಕ್ಷಕ. ದೊಡ್ಡ ದೊಡ್ಡ ಹೆಸರು ಓದಿದೆ. ಮೈದಾನದ ಮಾತು ಸ್ವಲ್ಪ ಹೇಳುತ್ತೇನೆ.

ಬೋರ್ ಎಂದ ತಮ್ಮನಿಗೆ ಮೊದಲು. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿದ್ದೀಯಲ್ಲ? ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆಗೆ ಜನ ಮುಗಿಬೀಳುತ್ತಾರೆ. ಯಾಕೆ? ಭಾರ ಕಣ್ಣಿಗೆ ಕಾಣುತ್ತದೆ. ಕ್ವಿಂಟಲ್ ಚೀಲ ಎಂದರೆ ಏನು ಅಂತ ನೋಡುವವನ ಬೆನ್ನಿಗೂ ಗೊತ್ತು. ಹ್ಯಾಮರ್‌ನಲ್ಲಿ ಭಾರ ಕಾಣುವುದಿಲ್ಲ. ಗಂಡಸರ ಗುಂಡು 7.26 ಕೆ.ಜಿ., ಗಾತ್ರ ಸಣ್ಣ ತೆಂಗಿನಕಾಯಿಯಷ್ಟು. "ಇಷ್ಟೇನಾ?" ಅನಿಸುತ್ತದೆ. ಆದರೆ 80 ಮೀಟರ್ ಎಸೆಯುವವನ ಕೈಯಿಂದ ಬಿಡುಗಡೆ ಆಗುವ ಹೊತ್ತಿಗೆ ಅದರ ವೇಗ ಗಂಟೆಗೆ 100 ಕಿ.ಮೀ. ಆಗ ಆ ಗುಂಡು ಅವನನ್ನು ಹೊರಕ್ಕೆ ಎಳೆಯುವ ಬಲ 300 ಕೆ.ಜಿ. ಮೀರುತ್ತದೆ. ಮೂರು ಕ್ವಿಂಟಲ್ ಜೋಳವನ್ನು ತಂತಿಗೆ ಕಟ್ಟಿ ಯಾರೋ ಜಗ್ಗುತ್ತಿದ್ದಾರೆ, ನೀನು ಎರಡು ಮೀಟರ್ ಚಿಲ್ಲರೆ ಅಗಲದ ಸರ್ಕಲ್ ದಾಟದೆ ಅದನ್ನು ತಡೆದು ಸುತ್ತಬೇಕು. ಎಡ ಹಿಮ್ಮಡಿ, ಎಡ ಮುಂಗಾಲು, ಮತ್ತೆ ಹಿಮ್ಮಡಿ. ಮೂರು ಸುತ್ತು ಇಲ್ಲವೇ ನಾಲ್ಕು. ಅವನು ತಿರುಗಿಸುತ್ತಾನೆ ಅನ್ನುವುದು ನೋಡುವವರ ಭ್ರಮೆ. ಗುಂಡು ಅವನನ್ನು ತಿರುಗಿಸುತ್ತಿರುತ್ತದೆ, ಅವನು ಅದರ ಎದುರು ಕೂರುತ್ತಾನೆ. ನಾನು ಹುಡುಗರಿಗೆ ಹೇಳುತ್ತಿದ್ದದ್ದು ಇಷ್ಟೇ: "ಬಾವ್ಯಾಗಿನ ಕೊಡ ಜಗ್ಗುವಾಗ ಹೆಂಗ ಹಿಂದಕ್ಕ ವಾಲ್ತಿ, ಹಂಗ ಕುಂಡ್ರು." ಈಗಿನವರು ಬಾವಿಯಿಂದ ನೀರು ಸೇದಿಲ್ಲ, ಹೇಳಿಕೊಡುವುದು ಕಷ್ಟವಾಗಿದೆ.

ಇನ್ನೊಂದು. ನಮ್ಮದು ಎರೆ ಭೂಮಿ. ಒಂದು ಕಾಲೇಜಿನ ಮೈದಾನದಲ್ಲಿ ಅಭ್ಯಾಸ ಮಾಡಿಸುತ್ತಿದ್ದೆ. ಮಳೆ ಬಿದ್ದ ಮರುದಿನ ಗುಂಡು ಬಿದ್ದರೆ ಕಾಣೆ. ಮಣ್ಣು ಬಾಯಿ ಮುಚ್ಚಿಕೊಂಡುಬಿಡುತ್ತದೆ, ಮೇಲೆ ತಂತಿಯ ಹಿಡಿಕೆ ಮಾತ್ರ ಮೊಳಕೆ ಥರ ನಿಂತಿರುತ್ತದೆ. ಒಂದು ಸಲ ಹಿಡಿಕೆಯ ಹತ್ತಿರ ತಂತಿ ಕಡಿದು ಗುಂಡು ಒಂಟಿಯಾಗಿ ಹಾರಿತು, ಕಾಂಪೌಂಡ್ ಆಚೆ ತೊಗರಿ ಹೊಲಕ್ಕೆ. ಹನ್ನೊಂದು ಹುಡುಗರನ್ನು ಸಾಲಾಗಿ ನಿಲ್ಲಿಸಿ ಸಂಜೆಯವರೆಗೆ ಕೋಲಿನಿಂದ ಚುಚ್ಚಿಸುತ್ತ ನಡೆಸಿದೆ. ಸಿಗಲಿಲ್ಲ. ಬೇಸಿಗೆಯಲ್ಲಿ ನೆಲ ಬಿರಿದಾಗ ಹೊಲದವರೇ ತಂದುಕೊಟ್ಟರು. "ಮಾಸ್ತರ್ರ, ನಿಮ್ಮ ತತ್ತಿ" ಎಂದರು. ಅಷ್ಟರಲ್ಲಿ ಎಸೆಯುತ್ತಿದ್ದ ಹುಡುಗ ಪೊಲೀಸ್ ಸೇರಿ ಹೋಗಿದ್ದ.

ಮುಧೋಳದ ಮಂದಿ

"ನಿಮ್ಮ ತತ್ತಿ" 😂😂 ಮಾಸ್ತರ್ರ, ಕಾಲು ಹಿಡೀತೀನಿ, ಇಂಥವು ಇನ್ನೂ ಬರೀರಿ.

ರೊಟ್ಟಿ ಬುತ್ತಿ

ಎಲ್ಲರಿಗೂ ನಮಸ್ಕಾರ. ಓದಿ ಸುಮ್ಮನೆ ಹೋಗೋಣ ಎಂದುಕೊಂಡೆ, ಆಗಲಿಲ್ಲ. ನನ್ನ ಮಗಳಿಗೆ ಹದಿನಾರು. ಎರಡು ವರ್ಷದಿಂದ ಹ್ಯಾಮರ್ ಎಸೆಯುತ್ತಾಳೆ, ಅವಳ ವಯಸ್ಸಿಗೆ 3 ಕೆ.ಜಿ. ಗುಂಡು. ಮುಂದೆ ದೊಡ್ಡವರ ವಿಭಾಗಕ್ಕೆ ಹೋದರೆ 4.

ಜನಪ್ರಿಯತೆ ಬೇಡ ಬಿಡಿ ಸರ್. ನಮಗೆ ಬೇಕಾಗಿರುವುದು ಜಾಗ. ನಾವು ಹೋಗುವ ಮೈದಾನದಲ್ಲಿ ಬೆಳಿಗ್ಗೆ ವಾಕಿಂಗ್‌ನವರು, ಆಮೇಲೆ ಕ್ರಿಕೆಟ್ ಹುಡುಗರು. ಗುಂಡು ಅಡ್ಡಾದಿಡ್ಡಿ ಹಾರದಂತೆ ಸುತ್ತ ಬಲೆ ಕಟ್ಟಿದ ಕೇಜ್ ಇದೆ ಅನ್ನಬೇಕು, ಬಲೆ ಒಂದು ಕಡೆ ಹರಿದು ನೆಲಕ್ಕೆ ಬಿದ್ದಿದೆ. "ಹುಲ್ಲಿಗೆ ತಗ್ಗು ಬೀಳ್ತಾವ, ಯಾರಿಗಾರ ಬಡಿದ್ರ ನಮ್ಮ ತಲಿಗೆ ಬರ್ತದ" ಎಂದು ನೋಡಿಕೊಳ್ಳುವವರು ಬೈಯುತ್ತಾರೆ. ಅವರದ್ದೂ ತಪ್ಪು ಎನ್ನಲಾರೆ. ಅದಕ್ಕೇ ಬೆಳಿಗ್ಗೆ ಐದೂವರೆಗೇ ಹೋಗುತ್ತೇವೆ. ಅವಳು ಎಸೆಯುತ್ತಾಳೆ, ನಾನು ಆ ತುದಿಯಲ್ಲಿ ದೂರ ನಿಂತು ಯಾರಾದರೂ ಅಡ್ಡ ಬಂದರೆ ಸೀಟಿ ಊದುತ್ತೇನೆ. ಬಿದ್ದ ಕಡೆ ತಗ್ಗು ಮುಚ್ಚಿ ಕಾಲಿನಿಂದ ತುಳಿಯುವುದೂ ನಾನೇ.

ಎಡಗೈಗೆ ಚರ್ಮದ ಗ್ಲೌಸ್ ಹಾಕುತ್ತಾಳೆ. ಬೆರಳ ತುದಿಗಳು ಹೊರಗೇ ಇರುತ್ತವೆ. ಮೊದಲ ಆರು ತಿಂಗಳು ಬೊಬ್ಬೆ ಎದ್ದು ಒಡೆದು, ರೊಟ್ಟಿ ತಟ್ಟಲು ಕೂತರೆ ಹಿಟ್ಟು ಹತ್ತಿ ಉರಿಯುತ್ತಿತ್ತು. ಈಗ ಅಂಗೈ ಗಟ್ಟಿಯಾಗಿದೆ. ಮದುವೆ ಮನೆಯಲ್ಲಿ ನಮ್ಮ ನಾದಿನಿ ಅವಳ ಕೈ ಹಿಡಿದು ನೋಡಿ "ಕಟ್ಟಿಗಿ ಒಡಿಯಾಕ ಹಚ್ಚೀಯೇನ ವೈನಿ?" ಎಂದಳು. ಮಗಳೇ ಹೇಳಿದಳು, "ಅತ್ತೀ, ಭೀಮ ಒಗೀತಿದ್ನಲ್ಲ, ಅದು." ಅತ್ತೆ ಸುಮ್ಮನಾದಳು. ಓಣಿ ಸರ್, ನಿಮ್ಮ ಮದ್ದು ನಮ್ಮಲ್ಲೂ ನಡೆಯುತ್ತದೆ. ಅದನ್ನು ಬೈಯಬೇಡಿ.

ಗುಮ್ಮಟದ ಓಣಿ

ಅಕ್ಕಾ, ನಿಮ್ಮ ಮಾತು ಓದಿ ಗಲ್ಲಾ ಮುಚ್ಚಿ ಐದು ನಿಮಿಷ ಸುಮ್ಮನೆ ಕೂತೆ. ನಾನು ಬಿಟ್ಟದ್ದೂ ಜನ ಗುರುತಿಸಲಿಲ್ಲ ಅಂತ ಅಲ್ಲ. ನನ್ನ ಅತ್ಯುತ್ತಮ ಎಸೆತ 41 ಮೀಟರ್ ಚಿಲ್ಲರೆ. ಕಾಲೇಜು ಮುಗಿದ ಮೇಲೆ ಎಸೆಯಲು ಜಾಗ ಸಿಗಲಿಲ್ಲ, ಅಷ್ಟೇ. ಕುಸ್ತಿಗಾದರೆ ಗರಡಿ ಇದೆ, ಕಲ್ಲಿಗೆ ಜಾತ್ರೆ ಇದೆ, ಸೈಕಲ್ಲಿಗೆ ನಮ್ಮೂರಿನ ರಸ್ತೆಗಳಿವೆ. ಗುಂಡನ್ನು ಎಲ್ಲಿ ಒಗೆಯಬೇಕು? ಇಷ್ಟು ವರ್ಷ ಅದನ್ನು "ಜನಪ್ರಿಯತೆ ಇಲ್ಲ" ಅಂತ ನನಗೆ ನಾನೇ ಹೇಳಿಕೊಂಡೆ ಅನಿಸುತ್ತದೆ.

ಸಿಕ್ಸರ್ ಸಂಗ್ಯಾ

ಅಕ್ಕಾ, ಆ ಕ್ರಿಕೆಟ್ ಹುಡುಗರಲ್ಲಿ ನಾನಿಲ್ಲ ತಾನೆ? ನಾವು ಆರೂವರೆಗೆ ಬರ್ತೀವಿ.

ರೊಟ್ಟಿ ಬುತ್ತಿ

ಗೊತ್ತಿಲ್ಲ ತಮ್ಮಾ. ನೀಲಿ ಟೀ ಶರ್ಟ್ ಹುಡುಗ ನೀನಾಗಿದ್ದರೆ, ಹೋದ ವಾರ ನಮ್ಮ ತಗ್ಗಿನಲ್ಲಿ ಕಾಲಿಟ್ಟು ಬಿದ್ದವನು ನೀನೇ. ಸಾರಿ.

ಸಿಕ್ಸರ್ ಸಂಗ್ಯಾ

😶

ಕುಂದಾ ಪ್ರಿಯ

😂 ಜನಪ್ರಿಯತೆಗೆ ಇನ್ನೊಂದು ದಾರಿ ಹೇಳಿ ಮುಗಿಸುತ್ತೇನೆ: ಪ್ರೀತಿ. ಅಮೆರಿಕದ ಹೆರಾಲ್ಡ್ ಕಾನಲಿ. ಹುಟ್ಟುವಾಗಲೇ ಎಡಗೈಗೆ ಪೆಟ್ಟಾಗಿ ಆ ಕೈ ಸಣ್ಣದಾಗಿ, ಬಲವಿಲ್ಲದೆ ಉಳಿದಿತ್ತು. ಅದೇ ಕೈ ಇಟ್ಟುಕೊಂಡು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 63.19 ಮೀಟರ್ ಎಸೆದು ಚಿನ್ನ ಗೆದ್ದ. ಅಲ್ಲೇ ಚೆಕೊಸ್ಲೊವಾಕಿಯಾದ ಡಿಸ್ಕಸ್ ಚಿನ್ನದ ಹುಡುಗಿ ಓಲ್ಗಾ ಫಿಕೊಟೊವಾಳನ್ನು ಪ್ರೀತಿಸಿದ. ಶೀತಲ ಸಮರದ ಕಾಲ. ಇಬ್ಬರ ಸರ್ಕಾರಗಳಿಗೂ ತಲೆನೋವು. 1957ರಲ್ಲಿ ಪ್ರಾಗ್‌ನಲ್ಲಿ ಮದುವೆ ಆದಾಗ ಜೊತೆಗೆ ನಿಂತದ್ದು ಓಟಗಾರ ಎಮಿಲ್ ಝಾಟೊಪೆಕ್. ನೋಡಲು ಸಾವಿರಾರು ಜನ ಬೀದಿಗೆ ಬಂದರು. ಅಲ್ಲೂ ಹ್ಯಾಮರ್ ನೋಡಲು ಬಂದವರು ಯಾರೂ ಇಲ್ಲ, ಬಿಡಿ.

ಮುಧೋಳದ ಮಂದಿ

ಜಾಗ ಇದ್ದ ಕಡೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾ ನೋಡಿ. 2024ರ ಪ್ಯಾರಿಸ್‌ನಲ್ಲಿ ಎರಡೂ ಹ್ಯಾಮರ್ ಚಿನ್ನ ಅವರಿಗೇ. ಈಥನ್ ಕ್ಯಾಟ್ಜ್‌ಬರ್ಗ್ 84.12, ಕ್ಯಾಮ್ರಿನ್ ರಾಜರ್ಸ್ 76.97. ಕ್ಯಾಟ್ಜ್‌ಬರ್ಗ್ ಹಿಂದಿನ ವರ್ಷ ಬುಡಾಪೆಸ್ಟ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಇಪ್ಪತ್ತೊಂದು ವಯಸ್ಸು. ಆದರೆ ಮೀಸೆ ಮತ್ತು ಉದ್ದ ಕೂದಲಿನ ಬಗ್ಗೆಯೇ ಜಾಸ್ತಿ ಮಾತು. ಎಲ್ಲಾ ಕಡೆ ಅದೇ ರಾಮಾಯಣ.

ಅಂದ ಹಾಗೆ ಗಂಡಸರ ವಿಶ್ವ ದಾಖಲೆ ಈಗಲೂ ಸೋವಿಯತ್ ಒಕ್ಕೂಟದ ಯೂರಿ ಸೆಡಿಖ್ ಹೆಸರಲ್ಲೇ ಇದೆ. 1986ರ ಆಗಸ್ಟ್ 30, ಸ್ಟುಟ್‌ಗಾರ್ಟ್, 86.74 ಮೀಟರ್. ಆ ದೇಶ ಹೋಯಿತು, 2021ರಲ್ಲಿ ಆ ಮನುಷ್ಯನೂ ಹೋದ, ಅಂಕಿ ಅಲ್ಲೇ ಕೂತಿದೆ.

ಸೀಟಿ ಮಾಸ್ತರ

ಪ್ರವೀಣ್ ಕುಮಾರ್ ಬಗ್ಗೆ ಒಂದು ಮಾತು ಉಳಿಯಿತು. 2020ರ ಲಾಕ್‌ಡೌನ್‌ನಲ್ಲಿ ಮಹಾಭಾರತ ಮತ್ತೆ ಹಾಕಿದರಲ್ಲ, ನನ್ನ ಮೊಮ್ಮಕ್ಕಳೂ "ಭೀಮ, ಭೀಮ" ಎಂದು ಕುಣಿದರು. ಅದಾಗಿ ಎರಡು ವರ್ಷ ತುಂಬುವುದರೊಳಗೆ, 2022ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. 74 ವಯಸ್ಸು. ಕೊನೆಯ ದಿನಗಳಲ್ಲಿ, ಕ್ರೀಡಾಪಟುಗಳಿಗೆ ಕೊಡುವ ಪಿಂಚಣಿ ತಮಗೆ ಬಂದಿಲ್ಲ ಎಂದು ಪತ್ರಿಕೆಯವರ ಮುಂದೆ ಹೇಳಿಕೊಂಡಿದ್ದರು. ಗಮನಿಸಿ, ಕೇಳಿದ್ದು ನಟನ ಪಿಂಚಣಿಯನ್ನಲ್ಲ. ಪದಕದ ಪಿಂಚಣಿ. ನಾವು ಮರೆತರೂ ಅವರ ಲೆಕ್ಕದಲ್ಲಿ ಅವರು ಎಸೆಗಾರರೇ ಆಗಿದ್ದರು.

ರೊಟ್ಟಿ ಬುತ್ತಿ ಅಕ್ಕಾ, ಹರಿದ ಬಲೆಯಲ್ಲಿ ಎಸೆಯಬೇಡಿ ದಯವಿಟ್ಟು. ಬಲಗೈಯವರ ಗುಂಡು ಕೈ ತಪ್ಪಿದರೆ ಎರಡೂ ಪಕ್ಕಕ್ಕೆ ಹೋಗಬಹುದು. ಯಾವ ಕಡೆ ಹರಿದಿದೆ?

ರೊಟ್ಟಿ ಬುತ್ತಿ

ಎಡಗಡೆ ಸರ್, ಮೂಲೆಯ ಕಂಬದಿಂದ ಕೆಳಗೆ. ನಾನೇ ಸೀರೆಯ ಅಂಚಿನಿಂದ ಎರಡು ಕಡೆ ಕಟ್ಟಿದ್ದೇನೆ. ಇನ್ನೊಂದು, ತಂತಿ ಸ್ವಲ್ಪ ಮಡಚಿದೆ. ಹಾಗೇ ಎಸೆಯಬಹುದಾ?

ಸೀಟಿ ಮಾಸ್ತರ

ಬೇಡವೇ ಬೇಡ. ಮಡಚಿದ ಕಡೆಯೇ ಕಡಿಯುವುದು. ತೊಗರಿ ಹೊಲ ನೆನಪಿಸಿಕೊಳ್ಳಿ.

ಗುಮ್ಮಟದ ಓಣಿ

ಅಕ್ಕಾ, ಅಂಗಡಿಯಲ್ಲಿ ಕೊಡುವ ಬೈಂಡಿಂಗ್ ತಂತಿ ಯಾರಾದರೂ ಕಟ್ಟಿಕೊಡುತ್ತೇನೆ ಎಂದರೆ ಒಪ್ಪಬೇಡಿ, ನಾನೇ ಅದನ್ನು ಮಾರುವವನು, ಹೇಳುತ್ತಿದ್ದೇನೆ. ಇದಕ್ಕೆ ಸ್ಪ್ರಿಂಗ್ ಸ್ಟೀಲ್ ಬೇಕು, 3 ಎಂಎಂಗಿಂತ ಕಡಿಮೆ ಇರಬಾರದು. ಹ್ಯಾಮರ್ ತಂತಿ ಅಂತಲೇ ಸಿಗುತ್ತದೆ, ತರಿಸಿಕೊಡುತ್ತೇನೆ, ನನ್ನ ಕಡೆಯಿಂದ ಎರಡು. ಬಲೆಗೆ ನೈಲಾನ್ ಹಗ್ಗ ಅಂಗಡಿಯಲ್ಲೇ ಇದೆ. ಭಾನುವಾರ ಐದೂವರೆಗೆ ಬರುತ್ತೇನೆ, ಏಣಿ ತರುತ್ತೇನೆ.

ಸಿಕ್ಸರ್ ಸಂಗ್ಯಾ

ನಾವೂ ಬರ್ತೀವಿ ಸರ್, ಹಗ್ಗ ಕಟ್ಟೋಕೆ ನಾಲ್ಕು ಜನ. ಆಮೇಲೆ ಒಂದೇ ಒಂದು ಸಲ ನನಗೂ ಎಸೆಯೋಕೆ ಕೊಡಬೇಕು.

ರೊಟ್ಟಿ ಬುತ್ತಿ

ಮಗಳು ಹೇಳುತ್ತಿದ್ದಾಳೆ: ಮೊದಲು ಬರೀ ಸುತ್ತುವುದನ್ನು ಕಲಿಯಬೇಕಂತೆ, ಗುಂಡು ಇಲ್ಲದೆ. ಅವಳಿಗೆ ಅದಕ್ಕೇ ಒಂದು ತಿಂಗಳು ಹಿಡಿಯಿತು. ಚುರುಮುರಿ ನಾನು ತರುತ್ತೇನೆ.